ಬಿಸಿಲಿಗೆ ಧೂಳೇಳುವ ಸಾಫ್ಟ್‌ಬಾಲ್ ಇನ್‌ಫೀಲ್ಡ್: ಮೈದಾನ ನೋಡಿಕೊಳ್ಳುವವರನ್ನು ಕೇಳಿ

ಪ್ರಶ್ನೆ (ಚಾಂಡ್ಲರ್, ಅರಿಜೋನಾದಿಂದ ಒಬ್ಬ ತಂದೆ):
ನಮಸ್ಕಾರ ಸರ್. ಮಗಳು 12 ವರ್ಷದೊಳಗಿನ ಹುಡುಗಿಯರ ಸಾಫ್ಟ್‌ಬಾಲ್ ತಂಡದಲ್ಲಿ ಆಡ್ತಾಳೆ. ಆಟದ ದಿನ ಮೈದಾನ ಸಜ್ಜು ಮಾಡೋ ಪಾಳಿ ನಮ್ಮಂಥ ಅಪ್ಪ ಅಮ್ಮಂದಿರದ್ದೇ. ಮೇ ತಿಂಗಳು ಬಂದರೆ ಸಾಕು, ಇನ್‌ಫೀಲ್ಡ್, ಅಂದರೆ ಓಡಿ ಮುಟ್ಟೋ ನಾಲ್ಕು ಬೇಸ್‌ಗಳ ನಡುವಿನ ಜಾಗದ ಮಣ್ಣು, ಹಿಟ್ಟಾಗಿಬಿಡುತ್ತೆ. ಆಟಕ್ಕೆ ಅರ್ಧ ಗಂಟೆ ಮುಂಚೆ ಪೈಪ್ ಹಿಡಿದು ನೀರು ಹೊಡೀತೀವಿ, ಮಣ್ಣು ಸಮ ಮಾಡೋಕೆ ಗಾಡಿ ಹಿಂದೆ ಕಬ್ಬಿಣದ ಬಲೆ ಕಟ್ಟಿ ಎಳೀತೀವಿ. ಎರಡನೇ ಇನ್ನಿಂಗ್ಸ್ ಹೊತ್ತಿಗೆ ಮತ್ತೆ ಧೂಳು. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಅಂತ ಒಬ್ಬರು ಹೇಳಿದರು. ಹಾಕಬಹುದಾ?

ಉತ್ತರ:
ಅದನ್ನು ಕೊಳ್ಳುವ ಮುಂಚೆ ನೀರು ಹಾಕುವ ಹೊತ್ತು ಬದಲಿಸಿ ನೋಡಿ ಸರ್. ನಿಮ್ಮ ತೊಂದರೆಯ ಬೇರು ಅಲ್ಲೇ ಇದೆ.

ಆಟಕ್ಕೆ ಮುಂಚೆ ಹೊಡೆದ ನೀರು ಮೇಲಿನ ಪದರವನ್ನಷ್ಟೇ ನೆನೆಸುತ್ತದೆ. 40 ಡಿಗ್ರಿ ಬಿಸಿಲಿಗೆ, ಒಣಗಾಳಿಗೆ ಅದು ಎಷ್ಟು ಹೊತ್ತು ನಿಂತೀತು? ಇನ್‌ಫೀಲ್ಡ್ ಮಣ್ಣಿನಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಮರಳು, ಉಳಿದದ್ದು ಜೇಡಿ ಮತ್ತು ನುಣುಪಾದ ಹೂಳುಮಣ್ಣು. ಜೇಡಿಯಲ್ಲಿ ತೇವ ಇರುವ ತನಕ ಅದು ಮಿಕ್ಕ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ತೇವ ಹೋಯಿತೋ, ಹಿಡಿತವೂ ಹೋಯಿತು. ಬೇಸ್‌ಬಾಲ್‌ನಲ್ಲಾದರೆ ಇನ್‌ಫೀಲ್ಡ್ ಒಳಗೆ ಹುಲ್ಲಿರುವುದುಂಟು. ಸಾಫ್ಟ್‌ಬಾಲ್‌ನಲ್ಲಿ ಅಷ್ಟೂ ಬರಿಯ ಮಣ್ಣು, ಹಾಗಾಗಿ ಬಿಸಿಲಿಗೂ ಗಾಳಿಗೂ ಪೂರ್ತಿ ಒಡ್ಡಿಕೊಂಡಿರುತ್ತದೆ.

ದಿನದ ಕೊನೆಯ ಆಟ ಮುಗಿದ ಮೇಲೆ, ಸಂಜೆ, ನೀರು ಕೊಡಿ. ಒಂದೇ ಸಲಕ್ಕೆ ಸುರಿದರೆ ಹರಿದುಹೋಗುತ್ತದೆ. ಒಂದು ಸುತ್ತು ಕೊಟ್ಟು, ಇಂಗಲು ಬಿಟ್ಟು, ಇನ್ನೊಂದು ಸುತ್ತು ಕೊಡಿ. ಮೇಲಿನ ಎರಡು ಮೂರು ಅಂಗುಲವಾದರೂ ನೆನೆಯಬೇಕು. ಸಾವಿರ ಚದರ ಅಡಿಗೆ ಕಾಲು ಅಂಗುಲ ನೀರು ನಿಲ್ಲಿಸಲು ಸುಮಾರು 600 ಲೀಟರ್ ಬೇಕಾಗುತ್ತದೆ. ಕೈಪೈಪ್ ಹಿಡಿದು ಹತ್ತು ನಿಮಿಷ ನಿಂತರೆ ಇಡೀ ಇನ್‌ಫೀಲ್ಡಿಗೆ ಯಾಕೆ ಸಾಲುವುದಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ. ಬೆಳಿಗ್ಗೆ ಕಾರಿನ ಕೀಲಿಯನ್ನು ಮಣ್ಣಿಗೆ ಚುಚ್ಚಿ ನೋಡಿ. ಸಲೀಸಾಗಿ ಇಳಿದು, ಮಣ್ಣು ಮೆತ್ತಿಕೊಳ್ಳದೆ ಹೊರಬಂದರೆ ಹದ ಸರಿಯಿದೆ. ಇಳಿಯದಿದ್ದರೆ ಇನ್ನೂ ನೀರು ಬೇಕು. ಮೆತ್ತಿಕೊಂಡರೆ ಸ್ವಲ್ಪ ಆರಲು ಬಿಡಬೇಕು. ಅಡಿಯಲ್ಲಿ ಹೀಗೆ ತೇವ ಇದ್ದಾಗ ಮಾತ್ರ ಆಟದ ಮುಂಚಿನ ಚಿಮುಕಿಸುವ ನೀರು ಕೆಲಸಕ್ಕೆ ಬರುತ್ತದೆ.

ಬಲೆ ಎಳೆಯುವುದರ ಬಗ್ಗೆ ಒತ್ತಿ ಹೇಳುತ್ತೇನೆ: ಒಣಮಣ್ಣಿನ ಮೇಲೆ ಎಳೆಯಲೇಬೇಡಿ. ಹಾಗೆ ಎಳೆದರೆ ಎದ್ದುಹೋಗುವುದು ಜೇಡಿಯೇ. ಒಂದು ಋತು ಇದೇ ಆದರೆ ಬರಿ ಮರಳು ಉಳಿದು, ಎಷ್ಟು ನೀರು ಹಾಕಿದರೂ ನಿಲ್ಲದಂತಾಗುತ್ತದೆ. ತೇವದ ಹದದಲ್ಲಿ, ಮೊದಲು ಮೊಳೆ ಹೊಡೆದ ಚೌಕಟ್ಟಿನಿಂದ ಮೇಲಿನ ಕಾಲು ಅಂಗುಲ ಕೆದಕಿ, ಆಮೇಲೆ ನಡಿಗೆಯ ವೇಗದಲ್ಲಿ ಬಲೆ ಎಳೆಯಿರಿ. ಇನ್‌ಫೀಲ್ಡ್ ಆಚೆಗಿನ ಹುಲ್ಲಿನ ಅಂಚಿನಿಂದ ಒಂದಡಿ ದೂರ ಇರಲಿ. ಇಲ್ಲದಿದ್ದರೆ ಅಂಚಿನಲ್ಲಿ ಮಣ್ಣು ದಿಬ್ಬವಾಗಿ ಚೆಂಡು ಪುಟಿದು ಮುಖಕ್ಕೆ ಬರುತ್ತದೆ. ಹೋದ ಸಲ ಎಳೆದ ದಿಕ್ಕಿನಲ್ಲೇ ಮತ್ತೆ ಎಳೆಯಬೇಡಿ.

ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಂಡು ಕೆಲಸ ಮಾಡುವಂಥದ್ದು. ಮಳೆಗಾಲಕ್ಕೆ ಮುಂಚಿನ ಮೇ, ಜೂನ್‌ನಲ್ಲಿ ನಿಮ್ಮ ಕಡೆ ಹಗಲು ಗಾಳಿಯಲ್ಲಿ ಎಳೆದುಕೊಳ್ಳಲು ತೇವವೇ ಇರುವುದಿಲ್ಲ. ಜತೆಗೆ ಅದು ಹುಲ್ಲನ್ನು ಸುಡುತ್ತದೆ, ಬೇಸ್ ಮುಟ್ಟಲು ನೆಲದ ಮೇಲೆ ಜಾರುವಾಗ (ಸ್ಲೈಡ್) ತರಚಿದ ಮೊಣಕಾಲಿಗೆ ಉರಿ ಕೊಡುತ್ತದೆ. ಮಕ್ಕಳ ಮೈದಾನಕ್ಕೆ ನಾನು ಹಾಕುವುದಿಲ್ಲ. ದುಡ್ಡು ಖರ್ಚು ಮಾಡುವುದಾದರೆ ಸುಟ್ಟ ಜೇಡಿಯ ಹರಳು ಸಿಗುತ್ತದೆ, ಅದನ್ನು ಮೇಲೆ ತೆಳುವಾಗಿ ಹರಡಿ. ನೀರನ್ನು ಹೀರಿ ಇಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಆದರೆ ಅಡಿಯ ಮಣ್ಣು ಒಣಗಿದ್ದರೆ ಅದೂ ಕಾಪಾಡುವುದಿಲ್ಲ.

ಇನ್ನೊಂದು ಮಾತು, ಅರಿಜೋನಾದವರೆಲ್ಲ ಓದಲೇಬೇಕಾದದ್ದು. ಅಲ್ಲಿನ ಮಣ್ಣಿನಲ್ಲಿ ವ್ಯಾಲಿ ಫೀವರ್ ತರುವ ಶಿಲೀಂಧ್ರ ಇರುತ್ತದೆ. ಧೂಳಿನ ಜತೆ ಅದರ ಬೀಜಕಣ ಉಸಿರಿಗೆ ಸೇರಿದರೆ ಜ್ವರ, ಕೆಮ್ಮು, ವಾರಗಟ್ಟಲೆ ಸುಸ್ತು. ಬಹಳ ಜನಕ್ಕೆ ತಾನಾಗಿ ವಾಸಿಯಾಗುತ್ತದೆ, ಕೆಲವರಿಗೆ ಕಷ್ಟ ಕೊಡುತ್ತದೆ. ಬಲೆ ಎಳೆಯುವವರು ಎನ್95 ಮಾಸ್ಕ್ ಹಾಕಿಕೊಳ್ಳಿ, ಆ ಹೊತ್ತಲ್ಲಿ ಮಕ್ಕಳು ಮೈದಾನದೊಳಗೆ ಇರಬಾರದು. ಕೆಮ್ಮು ಬಿಡದಿದ್ದರೆ ಈ ಹೆಸರು ಹೇಳಿಯೇ ವೈದ್ಯರಿಂದ ಪರೀಕ್ಷೆ ಮಾಡಿಸಿ.

ಪ್ರಶ್ನೆ (ರಾಯಚೂರು ಜಿಲ್ಲೆಯ ದೈಹಿಕ ಶಿಕ್ಷಕರು):
ಸರ, ನಮ್ಮ ಸಾಲಿ ಹುಡುಗ್ಯಾರೂ ಸಾಫ್ಟ್‌ಬಾಲ್ ಆಡ್ತಾರ. ಮೈದಾನ ಎರಿ ಮಣ್ಣಿಂದು, ಬ್ಯಾಸಗ್ಯಾಗ ಬಿರುಕು ಬಿಡ್ತದ, ಮ್ಯಾಲ ಧೂಳ. ನೀರು ಬಾಳ ಕಡಿಮಿ, ವಾರಕ್ಕ ಒಂದು ಟ್ಯಾಂಕರ್ ಸಿಕ್ಕರ ಹೆಚ್ಚು. ಕಣಕ್ಕ ಸಾರಿಸಿದಂಗ ಸಗಣಿ ಸಾರಿಸಬಹುದೇನ್ರಿ? ಉಪ್ಪು ಹಾಕ್ರಿ ಅಂತಾರ ಕೆಲವರು.

ಉತ್ತರ:
ಸಗಣಿ ಬೇಡ ಮೇಷ್ಟ್ರೇ. ಕಣದಲ್ಲಿ ಯಾರೂ ಜಾರಿ ಬೀಳುವುದಿಲ್ಲ. ಇಲ್ಲಿ ಹುಡುಗಿಯರು ಬೇಸ್ ಮುಟ್ಟಲು ಜಾರಿ ಮೊಣಕಾಲು ತರಚಿಕೊಳ್ಳುತ್ತಾರೆ. ತೆರೆದ ಗಾಯಕ್ಕೆ ಸಗಣಿ ತಾಗಿದರೆ ಧನುರ್ವಾಯುವಿನ ಭಯ. ಉಪ್ಪೂ ಬೇಡ. ಅದರ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಸಿಬಿಡುತ್ತದೆ, ಎರೆ ಮಣ್ಣು ಇನ್ನಷ್ಟು ಹಾಳಾಗುತ್ತದೆ. ವಾಹನದ ಹಳೇ ಆಯಿಲ್ ಸುರಿಯಲು ಯಾರಾದರೂ ಹೇಳಿದರೆ ಅದಕ್ಕಂತೂ ಒಪ್ಪಲೇಬೇಡಿ.

ಎರೆಯ ಮೇಲೆ ಆಡಿಸುವುದೇ ಕಷ್ಟ, ನೆನೆದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಊರವರ ಟ್ರ್ಯಾಕ್ಟರ್ ಸಿಕ್ಕರೆ ಕೆಂಪು ಮಸಾರಿ ಮಣ್ಣು ತರಿಸಿ, ಕಲ್ಲು ಜರಡಿ ಹಿಡಿದು, ನಾಲ್ಕು ಅಂಗುಲ ಹಾಕಿ, ನೀರು ಕೊಟ್ಟು ರೋಲರ್ ಹೊಡೆಸಿ. ಇಡೀ ಮೈದಾನಕ್ಕೆ ಆಗದಿದ್ದರೆ ಚೆಂಡೆಸೆಯುವ ಪಿಚರ್ ನಿಲ್ಲುವ ವೃತ್ತ, ಬ್ಯಾಟ್ ಮಾಡುವ ಜಾಗ, ಬೇಸಿಂದ ಬೇಸಿಗೆ 60 ಅಡಿ ಓಡುವ ಪಟ್ಟಿ, ಇಷ್ಟಕ್ಕಾದರೂ ಮಾಡಿ. ಒಂದು ಟ್ಯಾಂಕರ್ ನೀರನ್ನೂ ಆ ಜಾಗಗಳಿಗೇ ಸಂಜೆ ಕೊಟ್ಟು, ಮೇಲೆ ಒದ್ದೆ ಗೋಣಿತಟ್ಟು ಅಥವಾ ತಾಡಪತ್ರಿ ಹೊದಿಸಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಆಟ ಮುಗಿಸಿ.

ಮಸಾರಿ ತರಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಆ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡಿ. ಅಡಿಗೆ ಮರಳು, ಅದರ ಮೇಲೆ ಹೂಳು, ಮೇಲ್ಗಡೆ ಜೇಡಿ ಕೂರುತ್ತದೆ. ಪದರಗಳನ್ನು ಸ್ಕೇಲಿನಿಂದ ಅಳೆದು, ಒಂದು ಫೋಟೋ ತೆಗೆದು ಇಲ್ಲೇ ಹಾಕಿ. ಮರಳು ಸೇರಿಸಬೇಕೋ ಜೇಡಿ ಸೇರಿಸಬೇಕೋ, ಎಷ್ಟು ಅಂತ ನೋಡಿ ಹೇಳುತ್ತೇನೆ.