ಪದಚರ್ಚೆ: ‘ಕಪುವಾಸ್ ಹುಲು’ – ಈ ‘ಹುಲು’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಇಂಡೊನೇಷ್ಯಾದ ಒಂದು ಗಡಿ ಜಿಲ್ಲೆಯ ಬಗ್ಗೆ ಬರೆಯುತ್ತಿದ್ದೇನೆ. ಬೋರ್ನಿಯೊ ದ್ವೀಪದ ಒಳನಾಡು, ಮಲೇಷ್ಯಾದ ಸರಾವಾಕ್‌ಗೆ ಅಂಟಿಕೊಂಡಿದೆ. ಹೆಸರು ಕಪುವಾಸ್ ಹುಲು. ಹಾಗೇ ಬಿಟ್ಟರೆ ನಮ್ಮ ಕಿವಿಗೆ ಹುಲುಮಾನವ ನೆನಪಾಗುತ್ತಾನೆ, ಅಲ್ವಾ? ಅಲ್ಲಿ ‘ಹುಲು’ ಅಂದರೆ ಹೊಳೆಯ ಮೇಲ್ಭಾಗ, ನೀರು ಬರುವ ದಿಕ್ಕು. ನೀರು ಹೋಗುವ ದಿಕ್ಕು ‘ಹಿಲಿರ್’. ಕಪುವಾಸ್ 1,143 ಕಿ.ಮೀ. ಉದ್ದ, ಆ ದೇಶದಲ್ಲೇ ಅತಿ ಉದ್ದದ ನದಿ. ಅದರ ಮೇಲ್ಗಡೆಯ ಸೀಮೆಯೇ ಈ ಜಿಲ್ಲೆ.

‘ಮೂಲ’ ಅಂದರೆ ಸರಿಹೋಗದು. ನದಿಮೂಲ ಅಂದರೆ ನಮಗೆ ತಲಕಾವೇರಿಯ ಕುಂಡಿಕೆಯಂಥ ಒಂದು ಜಾಗ. ಹುಲುವಿನಲ್ಲಿ ಊರು, ಕಾಡು, ಜನ ಎಲ್ಲ ಬಂತು. ‘ಮೇಲ್ದಂಡೆ’ ಅಂದರೆ ಭದ್ರಾ, ಕೃಷ್ಣಾ ನೀರಾವರಿ ಯೋಜನೆಗಳೇ ತಲೆಗೆ ಬರುತ್ತವೆ. ನನಗೆ ಹತ್ತಿರ ಅನ್ನಿಸಿದ್ದು ಕರಾವಳಿಯವರ ‘ಘಟ್ಟದ ಮೇಲೆ’. ಘಟ್ಟದ ಮೇಲಿನವರು ಅಂದಾಗ ಜಾಗವೂ ಬಂತು, ಜನರೂ ಬಂದರು. ಸರಾವಾಕ್‌ನಲ್ಲಿ ಕಯಾನ್, ಕೆನ್ಯಾಹ್, ಕೆಲಾಬಿತ್ ಮೊದಲಾದ ಒಳನಾಡಿನವರನ್ನು ಒಟ್ಟಾಗಿ ‘ಒರಾಂಗ್ ಉಲು’, ಅಂದರೆ ಹುಲುವಿನ ಜನ, ಅನ್ನುವುದೂ ಇದೇ ಧಾಟಿ. ಆದರೆ ಇಲ್ಲಿ ಹೆಸರು ಬಂದದ್ದು ಘಟ್ಟದಿಂದಲ್ಲ, ಹೊಳೆಯಿಂದ. ‘ಹೊಳೆಮೇಲು’ ಅನ್ನಬಹುದೇ? ಸೇತುವೆ ಅಂದುಕೊಂಡಾರೆಂಬ ಅಳುಕಿದೆ.

ಎರಡನೆಯದು ಗಡಿಯ ಮಾತು. 1891ರಲ್ಲಿ ಬ್ರಿಟಿಷರೂ ಡಚ್ಚರೂ ಲಂಡನ್ನಿನಲ್ಲಿ ಒಪ್ಪಂದ ಮಾಡಿಕೊಂಡು ಬೋರ್ನಿಯೊದ ಗಡಿ ಹಾಕಿದರು. ಈ ಭಾಗದಲ್ಲಿ ಲೆಕ್ಕ ಬಹುಪಾಲು ನೀರಿನದು. ಸರಾವಾಕ್ ಕಡೆ ಇಳಿಯುವ ನೀರು ಆಚೆಯದು, ಕಪುವಾಸ್‌ಗೆ ಬೀಳುವ ನೀರು ಡಚ್ಚರದು. ಇಬಾನ್ ಜನ ಆಗಲೂ ಎರಡೂ ಕಡೆ ಇದ್ದರು, ಈಗಲೂ ಇದ್ದಾರೆ. ಈ ಜಿಲ್ಲೆಯ ಬಾದಾವ್‌ನಿಂದ ಗಡಿ ದಾಟಿದರೆ ಸರಾವಾಕ್‌ನ ‘ಲುಬೊಕ್ ಅಂತು’ ಎಂಬ ಊರು. ಕಾಗದದ ಮೇಲೆ ಬೇರೆ ದೇಶ, ನೆಂಟಸ್ತಿಕೆ ಮಾತ್ರ ಹಳೆಯದು. ಇಂಥ ಗಡಿಯ ಗುಡ್ಡಸಾಲಿಗೆ ನಮ್ಮ ಪಠ್ಯಪುಸ್ತಕ ‘ಜಲವಿಭಾಜಕ’ ಅನ್ನುತ್ತದೆ. ಬಿದ್ದ ಮಳೆ ಅತ್ತ ಇತ್ತ ಹಂಚಿಹೋಗುವ ಇಂಥ ನೆತ್ತಿಗೆ ಮಲೆನಾಡಿನ ಬೇಸಾಯಗಾರರು ಏನಂತಾರೆ? ಕೇಳಿದವರಿದ್ದರೆ ಯಾವ ಸೀಮೆಯ ಮಾತು ಅಂತಲೂ ತಿಳಿಸಿ.

ಇಬಾನರ ‘ನಂಗಾ’ ಸುಲಭ. ಚಿಕ್ಕ ಹೊಳೆ ದೊಡ್ಡದಕ್ಕೆ ಸೇರುವ ಜಾಗ, ನಮ್ಮ ‘ಕೂಡಲಿ’ ಸಾಕು. ತಲೆನೋವು ಇರುವುದು ಇದೇ ಜಿಲ್ಲೆಯ ಸೆಂತಾರುಮ್ ಕೆರೆಗಳ ಹತ್ತಿರ. ಮಳೆಗಾಲದಲ್ಲಿ ಕಪುವಾಸ್ ತುಂಬಿದಾಗ ತವಾಂಗ್ ಎಂಬ ಹೊಳೆಯ ಮೂಲಕ ನೀರು ಕೆರೆಗಳಿಗೆ ನುಗ್ಗುತ್ತದೆ. ನದಿ ಇಳಿದ ಮೇಲೆ ಅದೇ ಹೊಳೆಯಲ್ಲಿ ಕೆರೆ ನೀರು ವಾಪಸ್ ಹರಿಯುತ್ತದೆ. ಬೇಸಿಗೆ ಜೋರಾದರೆ ಕೆರೆಯ ಜಾಸ್ತಿ ಭಾಗ ಒಣಗಿ ಕೆಸರು ಕಾಣುತ್ತದೆ. ಹೀಗೆ ನುಗ್ಗುವ ನೀರಿಗೆ ‘ಹಿನ್ನೀರು’ ಅನ್ನೋಣವೆಂದರೆ ಓದುಗರು ಅಣೆಕಟ್ಟು ಹುಡುಕುತ್ತಾರೆ. ‘ಏರುನೀರು’ ಹೇಗೆ?

ಕೊನೆಗೊಂದು ತಮಾಷೆ. ಅಲ್ಲಿ ‘ದೇಸ’ ಅಂದರೆ ಹಳ್ಳಿ, ‘ನೆಗರ’ ಅಂದರೆ ದೇಶ. ಎರಡೂ ನಮ್ಮ ದೇಶ, ನಗರ ಶಬ್ದಗಳೇ, ಸಂಸ್ಕೃತದಿಂದ ಹೋದವು. ಜಿಲ್ಲೆಯ ಮುಖ್ಯಸ್ಥ ‘ಬುಪತಿ’, ಅಂದರೆ ಭೂಪತಿ! ಹಳ್ಳಿ, ದೇಶ ಎಂದು ತಿರುಗಿಸಿಬಿಡುತ್ತೇನೆ. ಬುಪತಿಯನ್ನು ಮಾತ್ರ ಹಾಗೇ ಇಡುವ ಆಸೆ. ‘ಜಿಲ್ಲಾಧಿಕಾರಿ’ ಅಂದರೆ ತಪ್ಪಾಗುತ್ತದೆ, ಯಾಕಂದರೆ ಆತ ಈಗ ಜನರ ಮತದಿಂದ ಗೆದ್ದು ಬರುವವನು. ನಿಮಗೇನನ್ನಿಸುತ್ತದೆ?