ಹಾಸನದ ಹಳೆಯ ಪೇಟೆಯಲ್ಲಿ ಹೆಂಚಿನ ಮನೆ ಕೊಳ್ಳಬಹುದೇ?

ಪ್ರಶ್ನೆ: ನಿವೃತ್ತಿಯ ನಂತರ ಬೆಂಗಳೂರು ಬಿಟ್ಟು ಹಾಸನದಲ್ಲಿ ನೆಲೆಸಬೇಕೆಂದಿದ್ದೇವೆ. ಹಾಸನಾಂಬ ದೇವಾಲಯದ ಸಮೀಪದ ಬೀದಿಯಲ್ಲಿ ಹಳೆಯ ಹೆಂಚಿನ ಮನೆಯೊಂದು ಮಾರಾಟಕ್ಕಿದೆ. ಮಗ ಸಾಲಗಾಮೆ ರಸ್ತೆಯ ಕಡೆ ಫ್ಲಾಟ್ ಕೊಳ್ಳಿ ಎನ್ನುತ್ತಾನೆ. ಅನುಭವ ಇರುವವರು ತಿಳಿಸಿ.

ಉತ್ತರ: ಸರ್, ನಾನು ಹಳೆಯ ಪೇಟೆಯಲ್ಲೇ ಹುಟ್ಟಿ ಬೆಳೆದವಳು. ನಿಮ್ಮ ಮನೆಗಿಂತ ಮೊದಲು ಪಕ್ಕದ ಮನೆಯನ್ನು ನೋಡಿ. ಇಲ್ಲಿ ಎಷ್ಟೋ ಕಡೆ ಎರಡು ಮನೆಗಳಿಗೆ ಒಂದೇ ಮಣ್ಣಿನ ಗೋಡೆ. ನಮ್ಮ ಪಕ್ಕದವರು ತಮ್ಮ ಮನೆ ಕೆಡವಿ ಮೂರು ಅಂತಸ್ತು ಕಟ್ಟಿಸಲು ಹೊರಟಾಗ ನಮ್ಮ ಗೋಡೆ ಬಯಲಿಗೆ ಬಿತ್ತು. ಮಳೆ ಹಿಡಿಯಿತು, ಒಳಗಿನ ಸುಣ್ಣದ ಗಾರೆ ಹಪ್ಪಳದಂತೆ ಉಬ್ಬಿ ಉದುರಿತು. ಹೆಂಚಿನಡಿಯ ಮರದ ಪಕಾಸು, ರೀಪುಗಳಿಗೆ ಗೆದ್ದಲು ಹತ್ತಿದ್ದು ಆಮೇಲೆಯೇ. ಅಡಿಗೆಮನೆಯ ಗಾಜಿನ ಹೆಂಚಿನಿಂದ ಬೆಳಗ್ಗೆಯೇ ಬೀಳುತ್ತಿದ್ದ ಬಿಸಿಲು ಈಗ ನಡುಮಧ್ಯಾಹ್ನ ಇಣುಕಿ ಹೋಗುತ್ತದೆ. ಆದ್ದರಿಂದ ಗೋಡೆ ಯಾರದ್ದು ಎಂಬುದನ್ನು ಕ್ರಯಪತ್ರದ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಎಲ್ಲೆಗಳ ವಿವರದಲ್ಲಿ) ಓದಿ, ಪಕ್ಕದವರನ್ನೂ ಮಾತನಾಡಿಸಿ. ಮನೆಯನ್ನು ಜುಲೈ ತಿಂಗಳ ಮಳೆಯಲ್ಲಿ ನೋಡಿ.

ಇಷ್ಟಾದರೂ ನಾನು ಈ ಬೀದಿ ಬಿಡುವುದಿಲ್ಲ. ಕಟ್ಟಿನಕೆರೆ ಮಾರುಕಟ್ಟೆಗೆ ನಡೆದೇ ಹೋಗುತ್ತೇನೆ; ಜಗಲಿಯಲ್ಲಿ ಕುಳಿತರೆ ಮಾತನಾಡಿಸದೆ ಮುಂದೆ ಹೋಗುವವರು ಕಡಿಮೆ. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗಿನಿಂದ ಬಲಿಪಾಡ್ಯಮಿ ಕಳೆಯುವವರೆಗೆ ಮಾತ್ರ ಕಾರು ಹೊರಗೆ ತೆಗೆಯುವ ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಬ್ಬರು: ಮಗನ ಮಾತನ್ನೂ ತಳ್ಳಿಹಾಕಬೇಡಿ. ಮಂಡಿನೋವು ಇರುವವರಿಗೆ ಲಿಫ್ಟ್ ದೊಡ್ಡ ವರ. ಆದರೆ ಆ ಕಡೆಯೂ ಮೊದಲಿನಂತಿಲ್ಲ. 1960ರಲ್ಲಿ ಶುರುವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತ ಕಾಂಪೌಂಡು, ಮಾವಿನ ಮರ ಇದ್ದ ಮನೆಗಳು ಒಂದೊಂದಾಗಿ ಪಿ.ಜಿ.ಗಳಾಗುತ್ತಿವೆ. ರಾತ್ರಿ ಒಮ್ಮೆ ಹೋಗಿ, ಬೀದಿಯಲ್ಲಿ ನಿಂತ ಬೈಕುಗಳನ್ನು ನೋಡಿ ಬನ್ನಿ. ಬೆಂಗಳೂರಿಗೆ ಹೋಗಿಬರುವ ಚಿಂತೆ ಬೇಡ, 2017ರಿಂದ ಕುಣಿಗಲ್ ಮಾರ್ಗದಲ್ಲಿ ನೇರ ರೈಲು ಇದೆ.

ಮತ್ತೊಬ್ಬರು: ಹಳೆಯ ಮನೆ ಎಂದರೆ ಬಹುಪಾಲು ಪಿತ್ರಾರ್ಜಿತ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲು ಇದೆ. ವಂಶವೃಕ್ಷ ತರಿಸಿ, ಮದುವೆಯಾಗಿ ಹೋದ ಅಕ್ಕತಂಗಿಯರೂ ಸಹಿ ಹಾಕುತ್ತಾರೆಯೇ ಎಂದು ಕೇಳಿ. ಇ-ಖಾತೆ, ಋಣಭಾರ ಪತ್ರ ಎರಡೂ ಕೈಸೇರುವವರೆಗೆ ಮುಂಗಡ ಕೊಡಬೇಡಿ.