ಎಣ್ಣೆಯಲ್ಲಿ ಅದ್ದಿದರೂ ‘ನೀರು ಕುಡಿಸಿದ್ದು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಒಂದು ಪದ ಸಿಗದೆ ಒದ್ದಾಡುತ್ತಿದ್ದೇನೆ.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆಯ ಹಿತ್ತಲಲ್ಲೇ ಮೊದಲ ಸಲ ಒಂದು ಚೂರಿ ಮಾಡಿದೆ. ಗುಜರಿಯಿಂದ ತಂದ ಲಾರಿ ಸ್ಪ್ರಿಂಗಿನ ಪಟ್ಟಿ, ಹಳೆಯ ಬ್ರೇಕ್ ಡ್ರಮ್ಮಿನ ಕುಲುಮೆ, ತಿದಿಯ ಬದಲು ಹೆಂಡತಿಯ ಹೇರ್ ಡ್ರೈಯರ್. (ಅದು ಈಗ ನನ್ನದೇ ಆಗಿದೆ.)

ಮೊದಲನೆಯದನ್ನು ಕೆಂಪಗೆ ಕಾಯಿಸಿ ಬಕೆಟ್ ನೀರಿಗೆ ಇಳಿಸಿದೆ. ‘ಟಿಣ್’ ಅಂತ ಸಣ್ಣ ಸದ್ದು ಬಂತು. ಒರೆಸಿ ನೋಡಿದರೆ ಬಾಯಿಂದ ಬೆನ್ನಿನವರೆಗೆ ಕೂದಲೆಳೆಯಂಥ ಬಿರುಕು. ಈ ಉಕ್ಕಿನಲ್ಲಿ ಇಂಗಾಲ ಶೇ. 0.6ರ ಆಸುಪಾಸು ಇರುತ್ತದೆ, ನೀರಿನ ಏಟು ತಡೆಯುವುದು ಕಷ್ಟ. ಎರಡನೆಯದನ್ನು ಅಯಸ್ಕಾಂತ ಹಿಡಿಯದಷ್ಟು ಕಾಯಿಸಿದೆ. ಅದು ಸುಮಾರು 770 ಡಿಗ್ರಿ. ಇನ್ನೊಂದಿಷ್ಟು ಕಾವು ಏರಿಸಿ, ಬೆಚ್ಚಗಿನ ಶೇಂಗಾ ಎಣ್ಣೆಯಲ್ಲಿ ಅದ್ದಿದೆ. ಅರ ಹಚ್ಚಿದರೆ ಜಾರಿತು, ಅಂದರೆ ಗಡಸಾಗಿದೆ. ಆದರೆ ಹಾಗೇ ಬಿಟ್ಟರೆ ಗಾಜಿನಂತೆ ಒಡೆಯುತ್ತದೆ. ಅದಕ್ಕೇ ಅವನ್‌ನಲ್ಲಿ 200 ಡಿಗ್ರಿಗೆ ಎರಡು ತಾಸು ಇಟ್ಟು ಗಡಸು ಇಳಿಸಿದೆ.

ಇದನ್ನೆಲ್ಲ ಕನ್ನಡದಲ್ಲಿ ಬರೆದಿಡೋಣ ಅಂತ ಕೂತಾಗ ಶುರುವಾಯಿತು ತಾಪತ್ರಯ. ಅದ್ದುವ ಕೆಲಸಕ್ಕೊಂದು, ಆಮೇಲೆ ಕಾಯಿಸುವ ಕೆಲಸಕ್ಕೊಂದು ಪದ ಬೇಕು. ‘ತಣಿಸು’, ‘ಹದಗೊಳಿಸು’ ಅಂತ ಪುಸ್ತಕದಲ್ಲಿದೆ. ‘ತಣಿಸು’ ಯಾಕೋ ಹಾಲಿಗೆ, ಸಿಟ್ಟಿಗೆ ಸರಿ. ಕುಲುಮೆಗೆ ಒಗ್ಗುವುದಿಲ್ಲ.

ನಮ್ಮ ಓಣಿಯ ಕಂಬಾರ ಅಜ್ಜನಿಗೆ ಚೂರಿ ತೋರಿಸಿದೆ. ಉಗುರಿನ ಮೇಲೆ ಬಾಯಿ ಆಡಿಸಿ ನೋಡಿ ಕೇಳಿದರು:

“ನೀರು ಕುಡಿಸಿಯೇನೋ ತಮ್ಮಾ?”

“ಎಣ್ಣ್ಯಾಗ ಅದ್ದೀನ್ರಿ ಅಜ್ಜಾರ.”

“ಅದೂ ನೀರು ಕುಡಿಸಿದಂಗ.”

ಎಣ್ಣೆಯಲ್ಲಿ ಅದ್ದಿದ್ದಕ್ಕೂ ನೀರು! ‘ಎಣ್ಣೆ ಕುಡಿಸಿದೆ’ ಅಂತ ಬರೆಯೋಣ ಅಂದರೆ ಓದಿದವರು ಬೇರೆಯೇ ತಿಳಿದುಕೊಳ್ಳುತ್ತಾರೆ.

ಆಮೇಲಿನ ಕಾಯಿಸುವ ಕೆಲಸಕ್ಕೆ ಏನಂತೀರಿ ಅಂತ ಕೇಳಿದೆ. ಅಜ್ಜಾರಿಗೆ ಪ್ರಶ್ನೆಯೇ ಹತ್ತಲಿಲ್ಲ. ಅವರ ಪದ್ಧತಿ ಕೇಳಿದ ಮೇಲೆ ಯಾಕೆ ಅಂತ ತಿಳಿಯಿತು. ಕುಡುಗೋಲಿನ ಬಾಯಷ್ಟನ್ನೇ ನೀರಿಗೆ ಇಳಿಸಿ, ತಟ್ಟನೆ ತೆಗೆದು, ಕಲ್ಲಿನಿಂದ ತಿಕ್ಕಿ ಬೆಳ್ಳಗೆ ಮಾಡುತ್ತಾರೆ. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಬಾಯಿ ಕಡೆ ಹರಿಯುತ್ತದೆ. ತಿಕ್ಕಿದ ಜಾಗದಲ್ಲಿ ಬಣ್ಣ ಓಡುತ್ತದೆ. ಒಣಗಿದ ಕಣಕಿಯ (ಜೋಳದ ದಂಟಿನ) ಬಣ್ಣ ಬಾಯಿಗೆ ಬಂತೋ, ಪೂರ್ತಿ ಮುಳುಗಿಸಿಬಿಡಬೇಕು. ನೀಲಿ ಆಗುವತನಕ ಬಿಟ್ಟರೆ ಬಾಯಿ ಮೆತ್ತಗಾಗುತ್ತದೆ. ಗಡಸು ಏರಿಸುವುದೂ ಇಳಿಸುವುದೂ ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಇಡೀ ಕೆಲಸಕ್ಕೆ ಅವರ ಮಾತು ‘ನೀರು ಕುಡಿಸು’. ಅದು ಸರಿಯಾಗಿ ಬಂದರೆ ‘ಹದ ಬಂತು’. ಎರಡು ಪದ ಬೇಕಾಗಿರುವುದು ಅವನ್ ಇಟ್ಟುಕೊಂಡ ನನಗೆ ಮಾತ್ರ.

ಈಗ ನನ್ನ ಪ್ರಶ್ನೆ. ಮರಾಠಿಯಲ್ಲಿ ಇದಕ್ಕೆ ‘ಪಾಣಿ ಪಾಜಣೆ’ ಅನ್ನುತ್ತಾರೆ, ಅಂದರೆ ನೀರು ಕುಡಿಸುವುದೇ. ನಮ್ಮ ಮಾತು ಅಲ್ಲಿಂದ ಬಂತಾ? ನನಗೇನೋ ಹಾಗೆ ಅನ್ನಿಸುವುದಿಲ್ಲ. ಕನ್ನಡದಲ್ಲಿ ಅಲಗಿನ ಅಂಚಿಗೆ ಮೊದಲಿಂದಲೂ ‘ಬಾಯಿ’ ಅಂತೀವಿ. ಬಾಯಿ ಇದ್ದ ಮೇಲೆ ಕುಡಿಯಲೇಬೇಕಲ್ವಾ? ಬೆಳಗಾವಿ, ಖಾನಾಪುರ ಕಡೆ ಎರಡೂ ಭಾಷೆ ಆಡುವವರು, ಮೈಸೂರು ಕಡೆಯ ಕುಲುಮೆ ಕಂಡವರು ಹೇಳಿ. ಮರಾಠಿಯ ಗಾಳಿ ಇಲ್ಲದ ಊರಲ್ಲೂ ಈ ಮಾತು ಇದ್ದರೆ ನನ್ನ ಊಹೆಗೆ ಬಲ ಬರುತ್ತದೆ.

‘ಹದ’ದ ಬಗ್ಗೆಯೂ ಒಂದು ಮಾತು. ಹಳೆಗನ್ನಡದ ‘ಪದ’ದಲ್ಲಿನ ಪಕಾರ ಹಕಾರವಾಗಿ ನಮ್ಮ ‘ಹದ’ ಆಯಿತು. ತೆಲುಗಿನ ‘ಪದುನು’ ಇದರದೇ ಬಳಗ. ಅಲ್ಲಿ ಅದಕ್ಕೆ ಹರಿತ ಅಂತಲೂ ಅರ್ಥ, ಮಳೆ ಬಿದ್ದ ನೆಲದ ತೇವ ಅಂತಲೂ ಅರ್ಥ. ನಮ್ಮಲ್ಲೂ ಬಿತ್ತುವ ನೆಲಕ್ಕೆ ಹದ, ಬೆಲ್ಲದ ಪಾಕಕ್ಕೆ ಹದ. ಹಾಗಾಗಿ ಅವನ್‌ನ ಕೆಲಸಕ್ಕೆ ‘ಹದ ಇಳಿಸು’ ಅಂತ ಬರೆದಿಟ್ಟಿದ್ದೇನೆ. ಆದರೆ ‘ಇಳಿಸು’ ಅಂದರೆ ಹದ ಕೆಡಿಸಿದಂತೆ ಕೇಳುತ್ತದಾ? ‘ಹದಕ್ಕೆ ತರು’ ವಾಸಿಯಾ? ನಿಮ್ಮೂರ ಕುಲುಮೆಯಲ್ಲಿ ಏನು ಹೇಳುತ್ತಾರೆ?